ಪಾದ್ರಿ ಮನೆಯ ಎರಡನೇ ಬಾಗಿಲು

ತೊಂಬತ್ತರ ದಶಕದಲ್ಲಿ ಕತಾರಿನ ದೋಹಾ ಅಲ್ ಜದೀದಾದ ಒಂದು ಆರ್ಕಿಟೆಕ್ಟ್ ಆಫೀಸಿನಲ್ಲಿ ನಾನು ನಕ್ಷೆ ಬರೆಯುವ ಡ್ರಾಫ್ಟ್ಸ್‌ಮನ್. ನನ್ನ ಗೆರೆ ಅಂದ್ರೆ ಗೆರೆ! ಮೈಸೂರಿನ ಮದುವೆಮನೆಗಳಲ್ಲಿ ಊಟದ ಎಲೆ ಸೊಟ್ಟಗಿದ್ದರೂ ಸರಿಮಾಡಿಯೇ ಕೂರುತ್ತಿದ್ದ ಆಸಾಮಿ ನಾನು. ತಪ್ಪು ಕಂಡರೆ ತಿದ್ದದೆ ಬಿಡುವ ಜಾಯಮಾನವಲ್ಲ.

ನಮ್ಮ ಬಾಸ್ ಇಂಗ್ಲೆಂಡಿನವರು, ಪಾದ್ರಿಯೊಬ್ಬರ ಮಗ. ದಿನವಿಡೀ "ಯಲ್ಲಾ, ಯಲ್ಲಾ" ಅಂತ ಅರಬ್ಬಿಯಲ್ಲಿ ಅವಸರಪಡಿಸಿ ಗದರಿಸುವ ಮನುಷ್ಯ ಒಂದು ಬೆಳಿಗ್ಗೆ ಮೆತ್ತಗೆ ಬಂದು, ಮಾಸಿದ ನಕ್ಷೆಯೊಂದನ್ನು ನನ್ನ ಬೋರ್ಡಿನ ಮೇಲೆ ಹರಡಿದರು. ಅವರು ಹುಟ್ಟಿ ಬೆಳೆದ ಮನೆ. ಚರ್ಚಿನವರು ಪಾದ್ರಿಗಳಿಗೆಂದು ಎಂದೋ ಕಟ್ಟಿಸಿದ್ದು, ಈಗ ಮಾರಿಬಿಟ್ಟಿದ್ದರು. ಕೊಂಡವರು ಒಳಗೆಲ್ಲ ಒಡೆಸುತ್ತಿದ್ದರಂತೆ. "ಇನ್ನು ಉಳಿಯೋದು ಈ ಕಾಗದ ಮಾತ್ರ. ಹೊಸದಾಗಿ ಬರೆದುಕೊಡು" ಅಂದರು.

ನಾಲ್ಕು ದಿನ ಕೂತೆ. ದಪ್ಪ ಕಲ್ಲುಗೋಡೆ, ಕಡಿದಾದ ಚಾವಣಿ, ಕೋಣೆಗೊಂದು ಅಗ್ಗಿಷ್ಟಿಕೆ. ಹೊರಗೆ ಬಿಸಿಲಿಗೆ ಟಾರು ಕರಗುತ್ತಿದೆ, ನಾನಿಲ್ಲಿ ಚಳಿ ಕಾಯಿಸುವ ಗೂಡು ಬರೆಯುತ್ತಿದ್ದೇನೆ! ಮುಂಭಾಗದಲ್ಲಿ ಮಾತ್ರ ಹತ್ತೇ ಅಡಿ ಅಂತರದಲ್ಲಿ ಎರಡು ಬಾಗಿಲು, ಒಂದು ಹಜಾರಕ್ಕೆ, ಇನ್ನೊಂದು ನೇರ ಪಾದ್ರಿಯ ಓದುವ ಕೋಣೆಗೆ. ಒಂದು ಮನೆಗೆ ಎರಡು ಹೊಸ್ತಿಲು ಯಾಕಪ್ಪಾ? ಬರೆದವನು ನಿದ್ದೆಗಣ್ಣಲ್ಲಿದ್ದ ಅಂದುಕೊಂಡು ಎರಡನೆಯದನ್ನು ಗೋಡೆ ಮಾಡಿಬಿಟ್ಟೆ.

ಬಾಸ್ ಹಾಳೆ ನೋಡಿ ಆ ಗೋಡೆಯ ಮೇಲೆ ಬೆರಳಿಟ್ಟರು. "ಊರಿನವರು ಅಪ್ಪನ ಹತ್ತಿರ ಎಲ್ಲಿಂದ ಬರಬೇಕು?" ಅಂದರು. ಸಾವು, ಮದುವೆ, ಗಂಡಹೆಂಡಿರ ಜಗಳ, ಏನಿದ್ದರೂ ಜನ ಆ ಬಾಗಿಲಿಂದಲೇ ಬಂದು ಹೇಳಿಕೊಂಡು ಹೋಗುತ್ತಿದ್ದರಂತೆ, ಮನೆಯವರ ಕಣ್ಣಿಗೆ ಬೀಳದ ಹಾಗೆ.

ಅಲ್ ರಯ್ಯಾನಿನ ವಿಲ್ಲಾಗಳಿಗೆ ಅತಿಥಿಗಳು ಕೂರುವ ಮಜ್ಲಿಸ್ ಕೋಣೆಯ ಬಾಗಿಲು ಬೇರೆ, ಮನೆಯವರದು ಬೇರೆ ಅಂತ ದಿನಾ ಬರೆಯುವವನು ನಾನೇ. ತಲೆಯಲ್ಲಿ ಏನು ಜೇಡಿಮಣ್ಣು ತುಂಬಿತ್ತೋ!

"ಸಾರಿ ಸಾರ್" ಎಂದವನೇ ಬ್ಲೇಡು ತೆಗೆದು ಟ್ರೇಸಿಂಗ್ ಹಾಳೆಯ ಶಾಯಿಯನ್ನು ಅಲ್ಲೇ ಕೆರೆದೆ. ಅವರು ಪಕ್ಕದಲ್ಲೇ ನಿಂತು ನೋಡುತ್ತಿದ್ದರು. ಗೋಡೆ ಹೋಗಿ ಜಾಗ ತೆರೆಯಿತು. ಆದರೆ ಕದ ಎತ್ತ ತೆರೆಯುತ್ತದೆ ಅನ್ನುವ ಗುರುತು ಹಳೇ ನಕ್ಷೆಯ ಮಡಿಕೆಯಲ್ಲಿ ಸವೆದುಹೋಗಿತ್ತು. "ಒಳಕ್ಕಾ ಸಾರ್, ಹೊರಕ್ಕಾ?" ಅಂತ ಕೇಳಿದೆ.

ಬಾಸ್ ಹಳೇ ನಕ್ಷೆಯನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದರು.

"ಗೊತ್ತಿಲ್ಲ" ಅಂದರು. "ನಾವು ಮಕ್ಕಳು ಆ ಬಾಗಿಲಲ್ಲಿ ಹೋಗುವ ಹಾಗಿರಲಿಲ್ಲ. ಅಪ್ಪ ಊಟಕ್ಕೆ ಬರೋತನಕ ಕಾಯ್ತಿದ್ವಿ."