ದೇವರೂ ಮುಟ್ಟದ ಅಮೃತದ ಚೊಂಬು

ಹೆಂಗಸರೇ ಸೇರಿ ನಾಟಕ ಆಡುತ್ತೇವೆ ಎಂದಾಗ ನಮ್ಮೂರ ಗಂಡಸರು ಮೊದಲು ನಕ್ಕರು, ಆಮೇಲೆ ಹಸು ಕರೆಯೋದು ಯಾರು ಎಂದು ಕೇಳಿದರು. ಅದಕ್ಕೇ ನಾಟಕವನ್ನು ಹಗಲಿಗೇ ಇಟ್ಟುಕೊಂಡೆವು. ಬೆಳಿಗ್ಗೆ ಡೇರಿಗೆ ಹಾಲು ಹಾಕಿ ಶುರು ಮಾಡುವುದು, ಸಂಜೆ ಹಾಲು ಕರೆಯುವ ಹೊತ್ತಿಗೆ ಮುಗಿಸುವುದು. ಹಳೇಬೀಡಿಗೂ ಮಾದಿಹಳ್ಳಿಗೂ ನಡುವೆ ಇರುವ ನಮ್ಮೂರಲ್ಲಿ ರಾತ್ರಿಯೆಲ್ಲ ಕೂತು ನಾಟಕ ನೋಡಿ ಅಭ್ಯಾಸವಾದವರಿಗೆ ಇದು ವಿಚಿತ್ರವಾಗಿ ಕಂಡಿತು. ಕಾಣಲಿ. ಹಸುಗಳಿಗೆ ಪುರಾಣ ಹೇಳಿ ಕಾಯಿಸಲು ಆಗುವುದಿಲ್ಲ.

ಆಡಿದ್ದು ಸಮುದ್ರ ಮಥನ. ದೇವತೆಗಳೂ ದಾನವರೂ ಸೇರಿ ಕಡಲು ಕಡೆಯುತ್ತಾರೆ, ಧನ್ವಂತರಿ ಅಮೃತದ ಕಳಶ ಹಿಡಿದು ಮೇಲೆ ಬರುತ್ತಾನೆ, ದಾನವರು ಅದನ್ನು ಕಿತ್ತುಕೊಳ್ಳುತ್ತಾರೆ, ಮೋಹಿನಿ ಬಂದು ಅವರನ್ನು ಯಾಮಾರಿಸಿ ಅಮೃತವನ್ನೆಲ್ಲ ದೇವತೆಗಳಿಗೇ ಬಡಿಸುತ್ತಾಳೆ. ಮನೆಗೆ ನೆಂಟರು ಬಂದಾಗಲೆಲ್ಲ ಹಳೇಬೀಡಿಗೆ ಕರೆದುಕೊಂಡು ಹೋಗಿ, ದೇವಸ್ಥಾನದ ಗೋಡೆಯ ಮೇಲೆ ಹಾವು ಹಿಡಿದು ಎಳೆಯುತ್ತಿರುವವರನ್ನು ತೋರಿಸಿ ತೋರಿಸಿ ನಮಗೆ ಕಥೆ ಬಾಯಿಪಾಠವಾಗಿತ್ತು.

ಕಲಿಸಲು ಬಾಣಾವರದಿಂದ ಹಾರ್ಮೋನಿಯಂ ಮೇಷ್ಟ್ರು ಬರುತ್ತಿದ್ದರು. ಮೊದಲ ದಿನವೇ ಜಗಳ. ಯಾರಿಗೂ ದೇವತೆ ಆಗುವುದು ಬೇಡ, ಎಲ್ಲರಿಗೂ ರಾಕ್ಷಸ ಪಾತ್ರವೇ ಬೇಕು! ರಾಕ್ಷಸನಿಗೆ ಮೀಸೆ ಉಂಟು, ಗದೆ ಉಂಟು, ಗಂಟಲು ಹರಿಯುವಂತೆ ಹಾಡಬಹುದು. ದೇವತೆಗಳು ಸುಮ್ಮನೆ ಕಿರೀಟ ಹೊತ್ತು ನಿಂತಿರಬೇಕು. ನಾನೂ ಮೀಸೆಗೆ ಆಸೆಪಟ್ಟವಳೇ. ಮೇಷ್ಟ್ರು ನನ್ನನ್ನು ನೋಡಿ, "ನೀವು ಇಂದ್ರ ಆಗಿ ತಾಯಿ. ಇಂದ್ರಂಗೆ ಕೂಗಾಟ ಜಾಸ್ತಿ, ಕೆಲ್ಸ ಕಮ್ಮಿ" ಎಂದರು. ಎಲ್ಲರೂ ನಕ್ಕರು. ನನಗೆ ಮೈಯೆಲ್ಲ ಉರಿಯಿತು, ಆದರೆ ಅಲ್ಲೇ ಕೂಗಾಡಿದರೆ ಅವರ ಮಾತೇ ನಿಜವಾಗುತ್ತದಲ್ಲ ಎಂದು ಸುಮ್ಮನಾದೆ.

ದಾನವರ ದೊರೆ ಬಲಿ ಚಕ್ರವರ್ತಿಯ ಪಾತ್ರಕ್ಕೆ ಮೇಷ್ಟ್ರು ಆರಿಸಿದ್ದು ನನ್ನ ಓರಗಿತ್ತಿಯನ್ನು. ನಾನು ಅಕ್ಕ ಎನ್ನುತ್ತೇನೆ. ಅವಳು ಪಾತ್ರ ಕೇಳಲು ಬಂದವಳೇ ಅಲ್ಲ, ಎಲ್ಲರಿಗೂ ಟೀ ಹಿಡಿದು ಬಂದಿದ್ದಳು. ನಮ್ಮ ಭಾವ ತೀರಿಹೋದ ಮೇಲೆ ಅವಳು ಹಾಗೆಯೇ, ಎಲ್ಲ ಕಡೆ ಕೆಲಸಕ್ಕೆ ಇರುತ್ತಾಳೆ, ಕೂರಲು ಇರುವುದಿಲ್ಲ. ನಾವು ಹಾಡಲು ಒದ್ದಾಡುತ್ತಿದ್ದ ಪದವನ್ನು ಲೋಟ ತೊಳೆಯುತ್ತಾ ಅವಳು ಗುನುಗಿದ್ದು ಮೇಷ್ಟ್ರ ಕಿವಿಗೆ ಬಿತ್ತು. ಅವರು ಬಾರಿಸುವುದನ್ನು ನಿಲ್ಲಿಸಿ, "ಯಾರಮ್ಮ ಅದು? ಬನ್ನಿ ಇಲ್ಲಿ" ಎಂದರು. ಅಷ್ಟೇ, ಪಾತ್ರ ಅವಳದಾಯಿತು.

ಗುಸುಗುಸು ಮಾರನೆಯ ದಿನವೇ ಶುರುವಾಯಿತು. ಗಂಡ ಇಲ್ಲದವಳು ರಂಗದ ಮೇಲೆ ಅಮೃತದ ಕಳಶ ಎತ್ತಬಹುದೇ? ಶುಭವೇ? ನೇರವಾಗಿ ಕೇಳುವ ಧೈರ್ಯ ಯಾರಿಗೂ ಇರಲಿಲ್ಲ, ಎಲ್ಲರೂ ಬಂದು ನಮ್ಮ ಅತ್ತೆಯನ್ನು ಕೇಳಿದರು. ಅತ್ತೆ ಎಲೆ ಅಡಿಕೆ ಅಗಿಯುತ್ತಾ ತೀರ್ಪು ಕೊಟ್ಟರು. "ರಾಕ್ಷಸಂಗೆ ಕುಂಕುಮ ಇಲ್ಲ, ಬಳೆ ಇಲ್ಲ, ಯಾರೇನ್ ಅಂತಾರೆ? ಮಾಡ್ಲಿ. ಚೊಂಬು ಎತ್ಲಿ, ಅದು ಬರೀ ಆಟದ್ದು. ಪೂಜೆ ಕಳಸಕ್ಕೆ ಮಾತ್ರ ಕೈ ಹಾಕೋದು ಬ್ಯಾಡ."

ನನಗೆ ಸಿಟ್ಟು ಬಂತು. ಆದರೆ ಅತ್ತೆಯ ಮೇಲೆ ಪೂರ್ತಿ ಸಿಟ್ಟು ಮಾಡಿಕೊಳ್ಳಲೂ ಆಗುವುದಿಲ್ಲ. ಮಾವ ಹೋದಾಗಿನಿಂದ ಅವರೂ ಇದೇ ಕಟ್ಟುಪಾಡಿಗೆ ಸಿಕ್ಕಿದವರು. ಹಬ್ಬದ ದಿನ ಕಳಶದ ಚೊಂಬನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ ಫಳಫಳ ಮಾಡುವುದು ಅವರೇ. ನೀರು ತುಂಬಿ ಕೂರಿಸುವ ಹೊತ್ತಿಗೆ ನನ್ನನ್ನು ಕರೆದು ತಾವು ಅಡುಗೆಮನೆಗೆ ಹೋಗಿಬಿಡುತ್ತಾರೆ. ಪಾಯಸ ತಳ ಹತ್ತುತ್ತೆ ಎನ್ನುತ್ತಾರೆ. ಪಾಯಸವನ್ನು ಇಳಿಸಿ ಎಷ್ಟೋ ಹೊತ್ತಾಗಿರುತ್ತದೆ.

ಅಕ್ಕನಿಗೆ ಅಷ್ಟು ಅನುಮತಿ ಸಿಕ್ಕಿದ್ದೇ ಸಾಕಾಗಿತ್ತು. ಧನ್ವಂತರಿಯ ಕೈಯಿಂದ ಚೊಂಬು ಕಿತ್ತುಕೊಂಡು, ತಲೆಯ ಮೇಲೆ ಎತ್ತಿ ಹಿಡಿದು, "ಇನ್ನು ಸಾವಿಲ್ಲ ನಮಗೆ" ಎಂದು ಹಾಡುವ ಪದವೊಂದಿತ್ತು. ಬಲಿಯ ಪಾತ್ರಕ್ಕೆ ಅದೇ ಕಳೆ. ಕೊಟ್ಟಿಗೆ ಬಳಿಯುವಾಗ ಅದೇ, ರಾಗಿ ಕೇರುವಾಗ ಅದೇ. ಒಂದು ದಿನ ಹಿತ್ತಲಲ್ಲಿ ಹಂಡೆಯ ಮುಚ್ಚಳ ಎತ್ತಿ ಹಿಡಿದು ಹಾಡುತ್ತಿದ್ದವಳು ನಾನು ನೋಡಿದೆ ಎಂದು ಗೊತ್ತಾಗಿ ಅಲ್ಲೇ ಕುಕ್ಕರಿಸಿ ನಕ್ಕಳು. ಭಾವ ಹೋದ ಮೇಲೆ ಅವಳು ಹೊಟ್ಟೆ ಹಿಡಿದು ನಕ್ಕದ್ದನ್ನು ನಾನು ನೋಡಿದ್ದು ಅವತ್ತೇ. "ಆ ಒಂದು ಪದ ನೆಟ್ಟಗೆ ಹಾಡ್ಬುಟ್ರೆ ಸಾಕು ಕಣೇ, ಇನ್ನೇನೂ ಬ್ಯಾಡ ನಂಗೆ" ಎಂದಳು.

ನಾಟಕದ ದಿನ ಅರಸೀಕೆರೆಯಿಂದ ಪರದೆ, ಕಿರೀಟ, ಮೀಸೆ ಎಲ್ಲ ಬಂದವು. ಅವರು ತಂದ ಅಮೃತದ ಕೊಡ ಮಾತ್ರ ತಳ ಒಡೆದಿತ್ತು. ಪುಣ್ಯಕ್ಕೆ ನಮ್ಮ ಮನೆಯ ಹಿತ್ತಾಳೆ ಚೊಂಬೊಂದಕ್ಕೆ ಚಿನ್ನದ ಬಣ್ಣದ ಕಾಗದ ಅಂಟಿಸಿ ಮೊದಲೇ ತಯಾರು ಮಾಡಿಟ್ಟುಕೊಂಡಿದ್ದೆವು. ಡೇರಿ ಮುಂದಿನ ಬಯಲಲ್ಲಿ ಶಾಮಿಯಾನ ಹಾಕಿ, ಅದರಡಿ ಅಟ್ಟಣೆ ಕಟ್ಟಿದ್ದರು. ನಾವೆಲ್ಲ ಡೇರಿಯ ಒಳಗೆ ಮುಖಕ್ಕೆ ಬಣ್ಣ ಬಳಿಸಿಕೊಳ್ಳುತ್ತಿದ್ದಾಗ ಹೊರಗೆ ಮೇಷ್ಟ್ರು ರಂಗಪೂಜೆ ಮುಗಿಸಿದರು. ನಮಗೆ ಗಂಟೆಯ ಸದ್ದಷ್ಟೇ ಕೇಳಿಸಿತು.

ನಾಟಕ ಚೆನ್ನಾಗಿಯೇ ಸಾಗಿತು. ನನ್ನ ಕಿರೀಟ ಎರಡು ಸಲ ಕಣ್ಣಿನ ಮೇಲೆ ಇಳಿದದ್ದು ಬಿಟ್ಟರೆ ನಾನೂ ಕೆಟ್ಟ ಇಂದ್ರನೇನಲ್ಲ. ಬಾವಿ ಹಗ್ಗವೇ ಹಾವು. ಅದನ್ನು ಆ ಕಡೆ ದಾನವರು, ಈ ಕಡೆ ನಾವು ಎಳೆದೆವು. ಅವರು ನಿಜವಾಗಿಯೇ ಎಳೆದರು, ಮೀಸೆಯ ಮಹಿಮೆ ಇರಬೇಕು. ನೀಲಿ ಸೀರೆಯ ಕಡಲು ಕುಲುಕಾಡಿತು. ಸೀರೆಯ ಹಿಂದಿನಿಂದ ಧನ್ವಂತರಿ ಎದ್ದಳು, ಅವಳು ನಮ್ಮ ಪಕ್ಕದ ಮನೆಯವಳೇ. ಕೈ ಖಾಲಿ!

"ಕಳಸ ಎಲ್ಲೇ?" ಎಂದೆ ಹಲ್ಲು ಕಚ್ಚಿಕೊಂಡು.

ಅವಳು ಕಣ್ಣಲ್ಲೇ ತೋರಿಸಿದಳು. ರಂಗದ ಮೂಲೆಯಲ್ಲಿ, ಹಾರ್ಮೋನಿಯಂ ಪಕ್ಕದಲ್ಲಿ, ತಟ್ಟೆಯ ಅಕ್ಕಿಯ ಮೇಲೆ, ಮಾವಿನೆಲೆ, ತೆಂಗಿನಕಾಯಿ, ಅರಿಸಿನ, ಕುಂಕುಮ, ಹೂವು ಎಲ್ಲವನ್ನೂ ಹೊತ್ತು ನಮ್ಮ ಚಿನ್ನದ ಕಾಗದದ ಚೊಂಬು ಕೂತಿತ್ತು. ರಂಗಪೂಜೆಗೆ ಕಳಶ ತರಲು ಎಲ್ಲರೂ ಮರೆತಿದ್ದರು. ಕೈಗೆ ಸಿಕ್ಕ ಒಳ್ಳೆಯ ಚೊಂಬು ಇದೊಂದೇ. ಮೇಷ್ಟ್ರು ಕರೆದರೆಂದು ಬಣ್ಣದ ನಡುವೆಯೇ ಎದ್ದುಹೋಗಿದ್ದ ಧನ್ವಂತರಿ, ಆಟಕ್ಕೆ ಅದೇ ಬೇಕೆಂಬುದನ್ನು ಮರೆತು, ಅದಕ್ಕೆ ನೀರು ತುಂಬಿ, ತನ್ನ ಕೈಯಾರೆ ಕೂರಿಸಿ, ಮಂಗಳಾರತಿಯನ್ನೂ ಮಾಡಿಸಿದ್ದಳು.

"ಎತ್ಕೊಳ್ಳೇ ಮತ್ತೆ!"

"ಎಂಗೆ ಎತ್ಲಿ? ಕೂರ್ಸಿರೋ ಕಳಸ! ನಾಟಕ ಮುಗ್ದು ಮಂಗಳಾರತಿ ಆಗೋಗಂಟ ಕದಲ್ಸಂಗಿಲ್ಲ. ನಂಗೆ ಮಕ್ಳವೆ ಕಣವ್ವ."

ಮೇಷ್ಟ್ರು ಬೇರೆ ದಾರಿ ಕಾಣದೆ ಒಂದೇ ರಾಗವನ್ನು ಮತ್ತೆ ಮತ್ತೆ ಬಾರಿಸಿದರು. ದೇವತೆಗಳು ದಾನವರನ್ನು ನೋಡಿದರು, ದಾನವರು ದೇವತೆಗಳನ್ನು ನೋಡಿದರು. ವರುಣ ಹಿಂದೆ ಸರಿದ. ರಾಕ್ಷಸರು ಗದೆ ಊರಿಕೊಂಡು ನಿಂತುಬಿಟ್ಟರು. ಯಾವ ಅಮೃತಕ್ಕೆ ಮೂರು ಲೋಕವೂ ಹೊಡೆದಾಡಬೇಕೋ ಅದನ್ನು "ನೀನೇ ತಗೋ, ನೀನೇ ತಗೋ" ಎಂದು ಎರಡು ಪಕ್ಷದವರೂ ಒಬ್ಬರಿಗೊಬ್ಬರು ದಾಟಿಸತೊಡಗಿದರು. ಜನ ಬಿದ್ದು ಬಿದ್ದು ನಕ್ಕರು. ಯಾರೋ ಒಬ್ಬರು ಡೇರಿಯ ಹಾಲಿನ ಕ್ಯಾನು ತಂದು ಅಟ್ಟಣೆಯ ಮೇಲಿಟ್ಟು, "ಇದನ್ನೇ ಅಮೃತ ಅಂದ್ಕೊಳ್ರಮ್ಮ" ಎಂದರು. ನಾನೂ ಕಳಶ ಎತ್ತಲಿಲ್ಲ. ಮಾತಿಗೆ ಮುಂದಿದ್ದರೂ ಕೂರಿಸಿದ ಕಳಶವನ್ನು ನಡುವೆ ಕದಲಿಸುವುದೆಂದರೆ ನನಗೂ ಭಯವೇ.

ಆಗ ಅಕ್ಕನ ಮುಖ ನೋಡಿದೆ. ಎಲ್ಲರೂ ನಗುತ್ತಿದ್ದರು, ಅವಳೊಬ್ಬಳು ನಗುತ್ತಿರಲಿಲ್ಲ. ಆಟದ ಚೊಂಬಾಗಿದ್ದರೆ ಎತ್ತಬಹುದಿತ್ತು. ಈಗ ಅದು ಪೂಜೆಯ ಕಳಶ. ನಾವು ಎತ್ತದಿರುವುದು ಭಯಕ್ಕೆ, ಅವಳು ಎತ್ತದಿರುವುದು ಅತ್ತೆಯ ಅಪ್ಪಣೆಗೆ. ಅಷ್ಟು ದಿನ ಕಾದ ಪದ ಅವಳ ಗಂಟಲಲ್ಲೇ ಉಳಿದುಹೋಗುತ್ತಿತ್ತು, ಕ್ಯಾನು ಎತ್ತಿ ಹಾಡಿದರೆ ನಗೆಪಾಟಲು.

ಅಕ್ಕ ಮುಂದಿನ ಸಾಲಿನಲ್ಲಿದ್ದ ಅತ್ತೆಯ ಕಡೆ ನೋಡಿದಳು. ಕೇಳಿದಳೆಂದು ಹೇಳಲಾರೆ, ನೋಡಿದಳು ಅಷ್ಟೇ. ಅತ್ತೆ ತಲೆ ತಗ್ಗಿಸಿ ಎಲೆ ಅಡಿಕೆ ಚೀಲದಲ್ಲಿ ಏನೋ ಹುಡುಕತೊಡಗಿದರು. ಹುಡುಕುತ್ತಲೇ ಇದ್ದರು.

ಅಕ್ಕ ಗದೆಯನ್ನು ನನ್ನ ಕೈಗೆ ತುರುಕಿ ಮೂಲೆಗೆ ನಡೆದಳು. ಬಗ್ಗಿ, ಮೊದಲು ಕಣ್ಣಿಗೊತ್ತಿಕೊಂಡಳು. ಆಮೇಲೆ ಕಾಯಿ, ಎಲೆ, ಹೂವು ಸಮೇತ ಎರಡೂ ಕೈಯಲ್ಲಿ ಕಳಶವನ್ನು ಎತ್ತಿದಳು. ನಗು ನಿಂತಿತು. ತಲೆಯ ಮೇಲೆ ಎತ್ತಬೇಕಾದವಳು ಅದನ್ನು ಎದೆಗೆ ಒತ್ತಿಕೊಂಡು ನಿಂತುಬಿಟ್ಟಳು, ಪದ ಮರೆತೇ ಹೋಗಿತ್ತು! ಮೇಷ್ಟ್ರು ಮೆಲ್ಲಗೆ ಶ್ರುತಿ ಕೊಟ್ಟರು. ಮತ್ತೊಮ್ಮೆ ಕೊಟ್ಟರು. ಆಗ ಹಾಡಿದಳು ನೋಡಿ. ನನ್ನ ಓರಗಿತ್ತಿಗೆ ಅಂಥ ಗಂಟಲಿದೆ ಎಂದು ಒಂದೇ ಮನೆಯಲ್ಲಿದ್ದ ನನಗೇ ಗೊತ್ತಿರಲಿಲ್ಲ. ಹಾಡುತ್ತಾ ಹಾಡುತ್ತಾ ಕೈಗಳು ತಾವಾಗಿಯೇ ಮೇಲೆ ಹೋದವು.

ಪದ ಮುಗಿದಾಗ ಶಿಳ್ಳೆ ಬೀಳಲಿಲ್ಲ. ಚಪ್ಪಾಳೆ ತಟ್ಟಬಹುದೋ ಬಾರದೋ ಎಂದು ಜನ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಅಷ್ಟರಲ್ಲಿ ಮುಂದಿನ ಸಾಲಿನಿಂದ ಒಂದು ಮುದುಕಿಯ ದನಿ, "ಒನ್ಸ್ ಮೋರ್!"

ನಮ್ಮ ಅತ್ತೆ. ಇನ್ನೂ ಚೀಲದೊಳಗೆ ಕೈ ಇಟ್ಟುಕೊಂಡೇ ಕೂಗಿದ್ದರು. ಆಮೇಲೆ ಬಯಲೆಲ್ಲ ಒನ್ಸ್ ಮೋರ್. ಅಕ್ಕ ಮತ್ತೆ ಹಾಡಿದಳು. ನಾನು ಗದೆ ಹಿಡಿದ ಇಂದ್ರನಾಗಿ ನಿಂತು, ಬಣ್ಣ ಇಳಿದುಹೋಗುವಂತೆ ಅತ್ತುಬಿಟ್ಟೆ.

ಕಥೆ ಮಾತ್ರ ಅಲ್ಲಿಂದ ದಾರಿ ತಪ್ಪಿತು. ಮೋಹಿನಿ ಒನಪು ಮಾಡುತ್ತಾ ಬಂದಳು, ಆದರೆ ಕಳಶಕ್ಕೆ ಕೈ ಒಡ್ಡುವ ಧೈರ್ಯ ಅವಳಿಗೂ ಬರಲಿಲ್ಲ. "ದಾನವೇಂದ್ರಾ, ನೀನೇ ಬಡಿಸಿಬಿಡು" ಎಂದಳು. ಹಾಗಾಗಿ ನಮ್ಮೂರಲ್ಲಿ ಅಮೃತ ಹಂಚಿದವನು ಬಲಿ ಚಕ್ರವರ್ತಿ. ಮಾವಿನೆಲೆಯನ್ನು ಅದ್ದಿ ಅದ್ದಿ ದೇವತೆಗಳಿಗೂ ಹಾಕಿದ, ರಾಕ್ಷಸರಿಗೂ ಹಾಕಿದ. ದೇವೇಂದ್ರನಾದ ನಾನು ಅಂಗೈ ಒಡ್ಡಿ ಕುಡಿದೆ. ಅರಿಸಿನದ ವಾಸನೆಯ ಸಪ್ಪೆ ನೀರು, ಇನ್ನೊಂದು ಗುಟುಕು ಬೇಕು ಅನ್ನಿಸಿತು.

ಕೊನೆಯಲ್ಲಿ ಕಳಶವನ್ನು ಮತ್ತೆ ಅಕ್ಕಿಯ ಮೇಲಿಟ್ಟು ಮಂಗಳಾರತಿ ಎತ್ತಿದರು. ಇನ್ನು ಕದಲಿಸಬೇಕು, ಅಂದರೆ ಪೂಜೆ ಮುಗಿಯಿತೆಂದು ಕಳಶವನ್ನು ಕೂತ ಜಾಗದಿಂದ ಒಂಚೂರು ಸರಿಸಬೇಕು. "ಎತ್ತಿ ರಂಗವೆಲ್ಲ ಸುತ್ಸಾಯ್ತು, ಇನ್ನೇನ್ ಕದಲ್ಸೋದು?" ಎಂದು ಯಾರೋ ಅಂದರು. ಧನ್ವಂತರಿ ಬಗ್ಗಲು ಹೋದಳು. ಅಟ್ಟಣೆಯ ಹತ್ತಿರ ಬಂದು ನಿಂತಿದ್ದ ಅತ್ತೆ, "ನೀನಿರವ್ವ. ಎತ್ತಿದೋಳೇ ಕದಲ್ಸಲಿ" ಎಂದರು.

ಅಕ್ಕ ಬಗ್ಗಲಿಲ್ಲ. ಅತ್ತೆಯ ಕಡೆ ಕೈ ಚಾಚಿದಳು.

"ನೀವೂ ಬನ್ನಿ ಅತ್ತೆ."

"ನಾನ್ಯಾಕೇ? ಹಾಲು ಕರೆಯೋ ಹೊತ್ತಾತು, ಹೋಗ್ಬೇಕು" ಎಂದರು ಅತ್ತೆ. ಹೋಗಲಿಲ್ಲ. ಸೆರಗಿನಲ್ಲಿ ಕೈ ಒರೆಸಿಕೊಂಡರು. ನಾನು ಅವರ ತೋಳು ಹಿಡಿದು ಅಟ್ಟಣೆ ಹತ್ತಿಸಿದೆ. ಕಳಶದ ಹತ್ತಿರ ಬಂದ ಅವರ ಕೈ, ಎಲ್ಲಿ ಹಿಡಿಯಬೇಕೆಂದೇ ತಿಳಿಯದಂತೆ ಎರಡು ಸಲ ಹಿಂದೆ ಸರಿಯಿತು. ಅಕ್ಕ ಆ ಕೈಯನ್ನು ಹಿಡಿದು ಚೊಂಬಿನ ಮೇಲಿಟ್ಟು, ಅದರ ಮೇಲೆ ತನ್ನ ಕೈ ಇಟ್ಟಳು. ಇಬ್ಬರೂ ಸೇರಿ ಕಳಶವನ್ನು ಒಂಚೂರು ಸರಿಸಿದರು.