ಬೀಸುವ ಕಲ್ಲಿನ ಬಂಡಾಯಕ್ಕೆ ನಕ್ಕವರು

ಮೊನ್ನೆ ನೀವು ಮೊಮ್ಮಕ್ಕಳೆಲ್ಲ ಟಿ.ವಿ. ಮುಂದೆ ಕೂತಿದ್ದಿರಿ. ಯಾವುದೋ ದೇಶದಲ್ಲಿ ಜನ ಗುಂಪುಗುಂಪಾಗಿ ತಮ್ಮ ದೊರೆಯ ಅರಮನೆಗೆ ನುಗ್ಗುತ್ತಿದ್ದರು. ನಿಮ್ಮಲ್ಲೊಬ್ಬರು, ಯಾರೆಂದು ಹೇಳುವುದಿಲ್ಲ, ಶೇಂಗಾ ತಿನ್ನುತ್ತ, "ಇಷ್ಟು ಮಂದಿ ತಾವಾಗೇ ಏಳಂಗಿಲ್ಲ, ಹಿಂದ ಯಾರೋ ಅದಾರ" ಎಂದರು. ಉಳಿದವರು ತಲೆಯಾಡಿಸಿದಿರಿ. ನನಗೆ ಮೈ ಉರಿಯಿತು. ನಾಲ್ಕು ಜನರೆದುರು ಬಾಯಿ ತೆರೆಯುವ ರೂಢಿ ನನಗಿಲ್ಲ. ಎದ್ದು ಒಳಗೆ ಹೋದೆ. ನಾಲ್ಕನೇ ಇಯತ್ತೆಯ ತನಕ ಕಲಿತ ಅಕ್ಷರಗಳಿವೆಯಲ್ಲ, ಅವುಗಳಿಂದ ಉತ್ತರ ಬರೆಯುತ್ತಿದ್ದೇನೆ.

ನಾನು ಮನಗೂಳಿ ಕಡೆಯವಳು. ಮದುವೆಯಾಗಿ ಮೋರಟಗಿ ಹತ್ತಿರದ ಆ ಹಳ್ಳಿಗೆ ಬಂದಾಗ ದೇಶಕ್ಕೆ ಸ್ವಾತಂತ್ರ್ಯ ಬಂದು ಎಂಟು ಹತ್ತು ವರ್ಷವಾಗಿತ್ತು. ಊರಿಗೆ ಅದು ತಲುಪಿರಲಿಲ್ಲ. ಊರು ಗೌಡರದು. ಅವರ ವಾಡೆಗೆ ಬೇಕಾದ ಹಿಟ್ಟನ್ನು ಹೆಂಗಸರು ಪಾಳಿಯ ಮೇಲೆ ಬಿಟ್ಟಿ ಬೀಸಿಕೊಡಬೇಕು. ಅವರು ಬೈದರೆ ಗಂಡಸರು "ಹೌದ್ರಿ ಧಣಿ" ಎನ್ನಬೇಕು. ಇದಕ್ಕೆಲ್ಲ ಊರು ಒಗ್ಗಿಹೋಗಿತ್ತು. ನಾನೂ ಒಗ್ಗಿದೆ.

ಒಂದು ವರ್ಷ ಗೌಡರಿಗೆ ನಿದ್ದೆ ಬಾರದ ಬೇನೆ ಹತ್ತಿತು. ಸೊಲ್ಲಾಪುರದ ಡಾಕ್ಟರರು ಬೆಳಗಿನ ನಿದ್ದೆ ಕೆಡಬಾರದು ಎಂದರಂತೆ. ವಾಡೆಯಿಂದ ಹುಕುಂ ಹೊರಟಿತು: ಬೀಸುವ ಕಲ್ಲಿನ ಸದ್ದಿಗೆ ಎಚ್ಚರವಾಗುತ್ತದೆ, ಗೌಡರು ಎದ್ದು ಚಹಾ ಕುಡಿಯುವ ತನಕ ಊರಲ್ಲಿ ಯಾರೂ ಬೀಸುವಂತಿಲ್ಲ. ನಿಮಗೆ ನಗು ಬರಬಹುದು. ಆಗ ಜೋಳದ ಸುಗ್ಗಿ. ಹೊತ್ತು ಹುಟ್ಟುವುದರೊಳಗೆ ಹಿಟ್ಟು ಬೀಸಿ, ರೊಟ್ಟಿ ಬಡಿದು, ಬುತ್ತಿ ಕಟ್ಟಿಕೊಂಡು ಹೊಲ ಸೇರಬೇಕು. ಗೌಡರು ಏಳುವುದು ಬಿಸಿಲು ಏರಿದ ಮೇಲೆ. ಹಿಂದಿನ ದಿನವೇ ಬೀಸಿಟ್ಟುಕೊಳ್ಳಿ ಎಂದು ವಾಡೆಯವರು ಹೇಳಿದರು. ದಿನವೆಲ್ಲ ಬಗ್ಗಿ ಜೋಳ ಕಿತ್ತು ಬಂದ ಸೊಂಟ ಅವರದಲ್ಲವಲ್ಲ.

ಮಾತು ಮೀರಿ ಬೀಸಿದವರ ಮನೆಗೆ ಗೌಡರ ಆಳುಗಳು ಬಂದು ಬೀಸುವ ಕಲ್ಲಿನ ಮೇಲಿನ ಹೋಳನ್ನು ಎತ್ತಿಕೊಂಡು ಹೋಗಿ ವಾಡೆಯ ಅಂಗಳದಲ್ಲಿ ಒಟ್ಟತೊಡಗಿದರು. ಒಂದು ದಿನ ನಮ್ಮದೂ ಹೋಯಿತು. ಅತ್ತೆ ಉಳಿದ ಕೆಳಗಿನ ಕಲ್ಲಿನ ಮೇಲಿದ್ದ ಹಿಟ್ಟನ್ನು ಕೈಯಿಂದ ಬಳಿದು ತೆಗೆದರು. "ಬರಗಾಲದಾಗೂ ಈ ಕಲ್ಲ ನಿಂತಿದ್ದಿಲ್ಲ. ಇಂವ ಮಲಗಾಕಂತ ನಿಂದರಸ್ತಾನ?" ಎಂದರು.

ಮರುದಿನ ಮುಂಜಾನೆ ಅವರು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಹೊರಟರು.

"ಎಲ್ಲಿಗ್ರಿ ಅತ್ತಿ?"

"ನನ್ನ ಕಲ್ಲ ತರಾಕ."

ಎದುರು ಮನೆಯವಳು ಅದನ್ನು ಕೇಳಿಸಿಕೊಂಡಳು. ಅವಳ ಕಲ್ಲೂ ಹೋಗಿತ್ತು, ಅವಳೂ ಬಂದಳು. ಓಣಿ ದಾಟುವುದರೊಳಗೆ ಹಿಂದೆ ಮುಂದೆ ಹೆಂಗಸರೇ. ಯಾರೂ ಯಾರನ್ನೂ ಕರೆದಿರಲಿಲ್ಲ. ನಾನು ಹೋದದ್ದು ಧೈರ್ಯದಿಂದಲ್ಲ, ಒಬ್ಬಳೇ ಮನೆಯಲ್ಲಿ ಉಳಿಯಲು ನಾಚಿಕೆಯಾಗಿ. ವಾಡೆಯ ಬಾಗಿಲಲ್ಲಿದ್ದ ಆಳು ಬಡಿಗೆ ಅಡ್ಡ ಹಿಡಿದ. ಅತ್ತೆ ಅವನಿಗೆ, "ಹೊಡಿಯಪಾ. ನಿಮ್ಮವ್ವನೂ ಹಿಂದ ಬರಾಕತ್ತಾಳ, ಆಕೀಗೂ ಎರಡ ಹಾಕು" ಎಂದರು. ನಿಜವಾಗಿಯೂ ಬರುತ್ತಿದ್ದಳು. ಬಡಿಗೆ ಕೆಳಗಿಳಿಯಿತು. ಒಬ್ಬೊಬ್ಬಳೂ ತನ್ನ ಕಲ್ಲನ್ನು ಗುರುತಿಸಿ, ಸಿಂಬಿಯ ಮೇಲೆ ಹೊತ್ತುಕೊಂಡಳು. ಗೌಡರು ಮಾಳಿಗೆಯ ಮೇಲಿಂದ ಕೂಗಾಡುತ್ತಿದ್ದರು. ಯಾರೂ ತಲೆ ಎತ್ತಿ ನೋಡಲಿಲ್ಲ. ತಲೆಯ ಮೇಲೆ ಕಲ್ಲಿತ್ತು.

ಮಾರನೆಯ ನಸುಕಿನಲ್ಲಿ ಊರಿಗೆ ಊರೇ ಬೀಸಿತು. ನಿಮ್ಮ ಅಜ್ಜ ಬಿಸಿ ರೊಟ್ಟಿ ಎರಡು ಹೆಚ್ಚು ತಿಂದರು. ಗಂಡಸರ ಪಾಲು ಅಷ್ಟೇ.

ಊರು ದಂಗೆ ಎದ್ದಿದೆ ಎಂದು ಗೌಡರು ಸಿಂದಗಿಗೆ ಅರ್ಜಿ ಕಳಿಸಿದರು. ತಾಲೂಕಿನ ಮಾಮಲೇದಾರ ಸಾಹೇಬರು ಜೀಪಿನಲ್ಲಿ ಬಂದರು. ಅವರ ಜೊತೆ ಕಾಗದ ಬರೆಯುವ ಕಾರಕೂನನಾಗಿ ಬಂದವನು ನನ್ನ ಸ್ವಂತ ಅಣ್ಣ. ಹೆಂಗಸರನ್ನೆಲ್ಲ ಚಾವಡಿಯಲ್ಲಿ ಕೂಡಿಸಿದರು. ಕಲ್ಲನ್ನು ಯಾಕೆ ಒಯ್ದಿದ್ದರು ಎಂದು ಸಾಹೇಬರು ಒಮ್ಮೆಯೂ ಕೇಳಲಿಲ್ಲ. ಇದನ್ನು ಮಾಡಿಸಿದವರು ಯಾರು ಎಂಬುದಷ್ಟೇ ಅವರಿಗೆ ಬೇಕಾಗಿತ್ತು.

ಗೌಡರು ಮೊದಲೇ ಒಬ್ಬರನ್ನು ತೋರಿಸಿದ್ದರು: ಕಲ್ಲು ಕಟೆಯುವ ಕಾಕಾ. ಮುಸಲ್ಮಾನ ಮುದುಕ. ಸವೆದ ಬೀಸುವ ಕಲ್ಲುಗಳನ್ನು ಉಳಿಯಿಂದ ಕಟೆದು ಮತ್ತೆ ಒರಟು ಮಾಡಿಕೊಡುವುದು ಅವರ ಕೆಲಸ. ಅವರ ಅಜ್ಜ ಮುತ್ತಜ್ಜರೂ ನಮ್ಮೂರ ಕಲ್ಲುಗಳನ್ನೇ ಕಟೆದವರು. ಮನೆಮನೆಯ ಒಳಗೆ ಕೂತು ಹೆಂಗಸರೊಡನೆ ಮಾತಾಡುವ ಪರಗಂಡಸು ಅವರೊಬ್ಬರೇ. ಆದ್ದರಿಂದ ತಲೆ ಕೆಡಿಸಿದವರೂ ಅವರೇ ಇರಬೇಕು! ಆ ತಿಂಗಳು ಅವರು ಜ್ವರದಿಂದ ಹಾಸಿಗೆಯನ್ನೇ ಬಿಟ್ಟಿರಲಿಲ್ಲ. ಅವರನ್ನೂ ಹಿಡಿದು ತಂದು ಕಂಬಕ್ಕೆ ಆನಿಸಿ ಕೂಡಿಸಿದ್ದರು. ಹೇಳಿಕೆಯ ಕಾಗದಕ್ಕೆ ನಮ್ಮ ಹೆಬ್ಬೆಟ್ಟು ಬಿದ್ದರೆ ಅವರನ್ನು ಜೀಪಿನಲ್ಲಿ ಒಯ್ದು ಊರು ಬಿಡಿಸುವುದೆಂದು ಆಗಲೇ ನಿಶ್ಚಯವಾಗಿತ್ತು.

ಅಣ್ಣ ಕಾಗದ ಬರೆದು ಮುಗಿಸಿದ.

"ಏನ ಬರದ್ರಿ?" ಅತ್ತೆ ಕೇಳಿದರು.

"ನಡದದ್ದ ಬರದೇನ್ರಿ."

ಸಹಿ ಬರುವವಳು ನಾನೊಬ್ಬಳೇ ಎಂದು ಮೊದಲು ನನ್ನನ್ನೇ ಕರೆದರು. ಅಣ್ಣ ಮೆಲ್ಲಗೆ, "ಇಲ್ಲಿ ಸಹಿ ಮಾಡವ್ವ ತಂಗಿ. ಓದಕೋತ ಕೂಡಬ್ಯಾಡ, ಸಾಹೇಬ್ರಿಗೆ ಹೊತ್ತಾಗೇತಿ" ಎಂದ.

ನಾನು ಓದಿದೆ. ಕಲ್ಲು ಕಟೆಯುವವನ ಮಾತಿಗೆ ಮರುಳಾಗಿ, ಅಜ್ಞಾನದಿಂದ ವಾಡೆಗೆ ನುಗ್ಗಿದೆವು ಎಂದು ನಮ್ಮ ಬಾಯಲ್ಲಿ ಬರೆದಿತ್ತು. ಅಣ್ಣನ ಅಕ್ಷರ ದುಂಡಗೆ, ಚೆಂದ. ನನಗೆ ಅಕ್ಷರ ತಿದ್ದಿಸಿದವನೂ ಅವನೇ. ಅಷ್ಟು ಗಂಡಸರ ಮುಂದೆ ಒಲ್ಲೆ ಎನ್ನಲು ನನಗೆ ಬಾಯಿ ಬರಲಿಲ್ಲ. ಓದಲು ಬಂತು. ಸಾಲೆಯಲ್ಲಿ ಮಾಸ್ತರರ ಮುಂದೆ ಓದುವ ಹಾಗೆ, ಗಟ್ಟಿಯಾಗಿ, ಎಳೆದೆಳೆದು, ಕಾಗದವನ್ನು ಪೂರ್ತಿ ಓದಿಬಿಟ್ಟೆ.

ಚಾವಡಿಯಲ್ಲಿ ಗದ್ದಲವೆದ್ದಿತು. "ಯವ್ವಾ, ಹಾಸಿಗ್ಯಾಗ ಬಿದ್ದ ಮುದುಕ ಎದ್ದ ಬಂದ ಹೇಳಿದನೇನ?" ಎಂದು ಒಬ್ಬಳು. "ನಮಗ ಹಸಿವಿ ಆಗೂದೂ ಮತ್ತೊಬ್ರು ಹೇಳಬೇಕೇನ್ರಿ?" ಎಂದು ಇನ್ನೊಬ್ಬಳು. ಯಾರೂ ಬೆರಳು ಮುಂದೆ ಚಾಚಲಿಲ್ಲ. ಸಾಹೇಬರು ಮೇಜು ಗುದ್ದಿದರು. "ಹಾಂಗಾದ್ರ ನಿಮ್ಮನ್ನ ಎಬ್ಬಿಸಿದವರು ಯಾರು? ಹೆಸರು ಹೇಳ್ರಿ!"

ಅತ್ತೆ ಎದ್ದು ನಿಂತು ಸೆರಗು ಸರಿಮಾಡಿಕೊಂಡರು. "ಕೋಳಿರಿ, ಸಾಹೇಬ್ರ. ದಿನಾ ನಸುಕಿನ್ಯಾಗ ಅದ ಎಬ್ಬಸ್ತೈತಿ. ಬೇಕಾದ್ರ ಜೀಪಿನ್ಯಾಗ ಹಾಕ್ಕೊಂಡ ಹೋಗ್ರಿ."

ಹೆಂಗಸರು ನಕ್ಕರು. ಜವಾನ ನಕ್ಕ. ತಡೆಯಲಾರದೆ ಸಾಹೇಬರೂ ನಕ್ಕರು, ನಕ್ಕ ಮೇಲೆ ಮತ್ತೆ ಸಿಟ್ಟಾಗಲು ಅವರಿಗೆ ಆಗಲಿಲ್ಲ. "ಹಳ್ಳಿ ಹೆಂಗಸ್ರು, ಏನೂ ತಿಳ್ಯಾಂಗಿಲ್ಲ" ಎಂದು ಕಾಗದ ಹರಿದು ಜೀಪು ಹತ್ತಿದರು. ಕಾಕಾ ಊರಲ್ಲೇ ಉಳಿದು ಇನ್ನೂ ಹಲವು ವರ್ಷ ನಮ್ಮ ಕಲ್ಲು ಕಟೆದರು. ಹುಕುಂ ಬಿದ್ದುಹೋಯಿತು. ಬಿಟ್ಟಿ ಬೀಸುವ ಪಾಳಿಯೂ ಆ ಸುಗ್ಗಿಗೇ ನಿಂತಿತು.

ಆದರೆ ಹೊರಗಿನವರ ಕೈಗೆ ಸಿಕ್ಕಿದ್ದು ಆ ನಗು ಮಾತ್ರ. ಸಿಂದಗಿಯಲ್ಲಿ, ಇಂಡಿಯಲ್ಲಿ, ಬಾಗೇವಾಡಿಯ ಸಂತೆಯಲ್ಲಿ ನಮ್ಮೂರ ಹೆಸರೆತ್ತಿದರೆ, "ಯಾರ ಎಬ್ಬಿಸಿದ್ರು ಅಂದ್ರ ಕೋಳಿ ಅಂದವರು" ಎಂದು ಹಲ್ಲು ಕಿಸಿಯುತ್ತಿದ್ದರು. ಗೌಡರ ನಿದ್ದೆಗೆಡಿಸಲೆಂದೇ ಕಾಳಿಲ್ಲದೆ ಬರೀ ಕಲ್ಲು ತಿರುವಿದರಂತೆ ಎಂದೂ ಸೇರಿಸಿದರು. ಕಾಳಿಲ್ಲದೆ ತಿರುವಿದರೆ ಕಲ್ಲು ಕೆಡುತ್ತದೆ. ಅಂಥ ಹುಚ್ಚಿ ನಮ್ಮೂರಲ್ಲಿ ಒಬ್ಬಳೂ ಇರಲಿಲ್ಲ. ನಗದವರು ಹತ್ತಿರ ಸರಿದು, "ಖರೇ ಹೇಳ, ಹಿಂದ ಯಾರ ಇದ್ರು?" ಎಂದು ಕೇಳುತ್ತಿದ್ದರು. ಅವರ ಲೆಕ್ಕದಲ್ಲಿ ನಾವು ದಡ್ಡರು, ಇಲ್ಲವೇ ಯಾರದೋ ಕೈಗೊಂಬೆಗಳು. ಹಿಟ್ಟು ಕಸಿದರೆ ಹೆಂಗಸಿಗೆ ತಾನಾಗಿ ಸಿಟ್ಟು ಬರುತ್ತದೆ ಎಂಬುದು ಒಬ್ಬರ ತಲೆಗೂ ಹೊಳೆಯಲಿಲ್ಲ.

ಮೂರು ನಾಲ್ಕು ವರ್ಷದ ಮೇಲೆ ಇಂಡಿಯಲ್ಲಿ ಅಣ್ಣನ ಮಗಳ ಮದುವೆಯಾಯಿತು. ಪಂಕ್ತಿಯಲ್ಲಿ ಬೀಗರ ನಡುವೆ ಕೂತು ಅಣ್ಣ ಅದೇ ಕಥೆ ಹೇಳುತ್ತಿದ್ದ. "ಪಾಪ, ಸಾಹೇಬ್ರು ಕೇಳಿದ್ದ ಅವರಿಗೆ ತಿಳೀಲೇ ಇಲ್ಲ ನೋಡ್ರಿ!" ತುಪ್ಪ ಬಡಿಸುತ್ತಿದ್ದ ನಾನು ಅವನ ಎಲೆಯ ಮುಂದೆ ನಿಂತೆ.

"ತಿಳದಿತ್ತು, ಅಣ್ಣಾ. ನೀ ಬರದದ್ದೂ ತಿಳದಿತ್ತು. ಏನ ಬರದಿದ್ದಿ ಅಂತ ಬೀಗರಿಗೂ ಹೇಳಲೇನ?"

ಬೀಗರು ಅವನ ಮುಖ ನೋಡಿದರು. ಅವನು ಎಲೆ ನೋಡುತ್ತ, "ತುಪ್ಪ ಹಾಕವ್ವ" ಎಂದ. ನಾನು ಹಾಕದೆ ಮುಂದಿನ ಎಲೆಗೆ ಹೋದೆ.

ಆ ವರ್ಷ ಪಂಚಮಿಗೆ ತವರಿನಿಂದ ಕರೆಯಲು ಯಾರೂ ಬರಲಿಲ್ಲ. ಮುಂದೆಯೂ ಬರಲಿಲ್ಲ. ನಾನು ದಾರಿ ನೋಡಲೂ ಇಲ್ಲ.