ಗೂಡ್ಸ್ ಗಾಡಿಗೆ ತಗುಲಿದ ಕಣ್ಣು

ತವರೂರು ಐರಣಿಯಲ್ಲಿ ಹೊಳೆ ನೋಡುತ್ತ ನಾನು ಎಷ್ಟು ಹೊತ್ತು ಕೂತರೂ ಯಾರೂ ಏನೂ ಅನ್ನುತ್ತಿರಲಿಲ್ಲ. ಎಂಬತ್ತರ ದಶಕದಲ್ಲಿ ಮದುವೆಯಾಗಿ ಬ್ಯಾಡಗಿಗೆ ಬಂದೆ. ಇಲ್ಲಿ ಹೊಳೆಯಿಲ್ಲ, ಮಾಳಿಗೆ ಹತ್ತಿದರೆ ರೈಲ್ವೆ ಸ್ಟೇಷನ್ ಕಾಣುತ್ತಿತ್ತು. ಹಪ್ಪಳ ಒಣಹಾಕುವ ನೆವದಲ್ಲಿ ಮೇಲೆ ಹೋಗಿ ಗೂಡ್ಸ್ ಗಾಡಿ ನೋಡುತ್ತಿದ್ದೆ. ಗೊಬ್ಬರ, ಸಿಮೆಂಟು, ಕಟ್ಟಿಗೆ, ಏನೇ ಹೊತ್ತು ಬರಲಿ, ಕೊನೆಯ ಗಾರ್ಡಿನ ಡಬ್ಬಿ ಮರೆಯಾಗುವ ತನಕ ನಿಂತಿರುತ್ತಿದ್ದೆ. ಆ ಮನೆಯಲ್ಲಿ ಯಾರ ಅಪ್ಪಣೆಯನ್ನೂ ಕೇಳದೆ ನಾನು ಮಾಡುತ್ತಿದ್ದ ಕೆಲಸ ಅದೊಂದೇ.

ಮನೆಯವರದು ಮೆಣಸಿನಕಾಯಿ ವ್ಯಾಪಾರ. ಒಂದು ಸುಗ್ಗಿಯಲ್ಲಿ ನಮ್ಮ ಯಜಮಾನರು ಗೂಡ್ಸ್ ಗಾಡಿಯ ಒಂದು ಡಬ್ಬಿ ತುಂಬ ಮಾಲನ್ನು ತಾವೇ ನೇರ ಬಂದರಿಗೆ ಕಳಿಸುತ್ತೇನೆಂದು ಹೊರಟರು. ಅಲ್ಲಿಂದ ಅದು ಹಡಗು ಹತ್ತಬೇಕು. ಒಣ ಕಾಯಿಯನ್ನು ಚೀಲಕ್ಕೆ ತುಳಿದು ತುಂಬುವಾಗ ಒಡೆಯಬಾರದೆಂದು ಮೊದಲೇ ಸ್ವಲ್ಪ ನೀರು ಚಿಮುಕಿಸುವುದು ನಮ್ಮ ಕಡೆಯ ರೂಢಿ. ಯಜಮಾನರು ಒಡೆಯದಿರಲಿ ಎಂದು ಒಂದು ಕೈ ಚಿಮುಕಿಸಿದರು, ತೂಕ ಬರಲಿ ಎಂದು ಇನ್ನೆರಡು ಕೈ. ಚೀಲಗಳೆಲ್ಲ ಡಬ್ಬಿ ಸೇರಿದವು, ಪೂಜೆಯಾಯಿತು, ಬಾಗಿಲಿಗೆ ಸೀಲು ಬಿತ್ತು.

ಆದರೆ ಡಬ್ಬಿಯನ್ನು ಎಳೆದೊಯ್ಯುವ ಗಾಡಿ ಬೇಗ ಬರಲಿಲ್ಲ. ಬ್ಯಾಡಗಿಯ ಬಿಸಿಲು ಕೇಳಬೇಕೆ? ಕಬ್ಬಿಣದ ಡಬ್ಬಿ ದಿನವಿಡೀ ಕಾದು ಹಂಚಾಗುತ್ತಿತ್ತು. ನಾನು ದಿನಾ ಮಾಳಿಗೆ ಹತ್ತಿ ಅದು ಹೊರಟಿತೋ ಇಲ್ಲವೋ ಎಂದು ನೋಡುತ್ತಿದ್ದೆ. ಒಳಗೆ ಒದ್ದೆ ಕಾಯಿ ಬೆವರುತ್ತಿರಬಹುದು ಎಂದು ನನಗೇ ಜೀವ ಚುರ್ ಅನ್ನುತ್ತಿತ್ತು. ಬಾಗಿಲು ತೆಗೆಸಿ ಗಾಳಿಯಾಡಿಸಿರೆಂದು ಯಜಮಾನರಿಗೆ ಹೇಳಿದೆ. ಪೂಜೆ ಮಾಡಿ ಮುಚ್ಚಿದ ಬಾಗಿಲು ತೆಗೆಯುವುದು ಅಪಶಕುನ ಅಂದರು. ಒಲೆ ಮುಂದಿನವಳಿಗೆ ವ್ಯಾಪಾರ ಯಾಕೆ ಅಂತಲೂ ಅಂದರು.

ಕಡೆಗೂ ಗಾಡಿ ಹೋಯಿತು. ಬಂದರಿನಿಂದ ಟ್ರಂಕ್ ಕಾಲ್ ಬಂತು. ಮಾಲಿಗೆಲ್ಲ ಬೂಷ್ಟು ಹಿಡಿದಿದೆ, ಹಡಗಿಗೆ ಬೇಡ ಅಂದರಂತೆ.

ಅತ್ತೆಯವರು ದೃಷ್ಟಿ ತಾಗಿದೆ ಎಂದರು. ತಾಗಿದೆಯೋ ಇಲ್ಲವೋ ತಿಳಿಯಲು ಒಂದು ಹಿಡಿ ಮೆಣಸಿನಕಾಯಿಯನ್ನು ಮಗನಿಗೆ ನಿವಾಳಿಸಿ ಕೆಂಡಕ್ಕೆ ಹಾಕಿದರು. ಘಾಟು ಬಂದರೆ ದೃಷ್ಟಿಯಿಲ್ಲ, ಬಾರದಿದ್ದರೆ ಇದೆ ಎಂದು ಲೆಕ್ಕ. ಹಾಕಿದ್ದು ನಮ್ಮದೇ ಬ್ಯಾಡಗಿ ಕಾಯಿ. ಬಣ್ಣಕ್ಕೆ ಹೆಸರಾದ ಕಾಯಿ. ಖಾರ ಕಡಿಮೆ ಎಂದು ಗಿರಾಕಿಗಳಿಗೆ ಹೇಳಿಯೇ ಮೂರು ತಲೆಮಾರು ಉಂಡವರು ಇವರು. ಘಾಟು ಎಲ್ಲಿಂದ ಬರಬೇಕು? ಒಬ್ಬರೂ ಕೆಮ್ಮಲಿಲ್ಲ. ಎಲ್ಲರೂ ನನ್ನ ಮುಖ ನೋಡಿದರು.

ನಾನು ಯಜಮಾನರ ಮುಖ ನೋಡಿದೆ. ನೀರು ಹಾಕಿದ ಕೈ ಯಾವುದೆಂದು ಅವರಿಗೆ ಗೊತ್ತಿತ್ತು. ಒಂದು ಮಾತು ಹೇಳಿಯಾರು ಎಂದು ಕಾದೆ. ಅವರು ತಾಯಿಯ ಕಡೆ ತಿರುಗಿ ತಣ್ಣಗೆ ಅಂದರು:

“ದಿನಾ ಮಾಳಿಗಿ ಮ್ಯಾಲ ನಿಂತು ಅದನ್ನ ನೋಡ್ತಿದ್ಲವ್ವಾ. ಅದು ಖರೇ ಐತಿ.”

ಉರಿದುಹೋದೆ. ಸುಳ್ಳಾಡಿದ್ದರೆ ಜಗಳವಾಡಬಹುದಿತ್ತು. ಅವರು ಆಡಿದ್ದು ನಿಜವೇ. ಅಂದಿನಿಂದ ಮಾಳಿಗೆಯ ನಿಚ್ಚಣಿಕೆಯನ್ನು ಅತ್ತೆಯವರು ತಮ್ಮ ಕೋಣೆಗೆ ಸೇರಿಸಿಕೊಂಡರು. ಹಪ್ಪಳ ಅಂಗಳದಲ್ಲೇ ಒಣಗಿದವು. ಗಾಡಿಯ ಸಿಳ್ಳು ಕೇಳಿದಾಗಲೆಲ್ಲ ನಾನು ರೊಟ್ಟಿಯನ್ನು ಬೇಕಾದ್ದಕ್ಕಿಂತ ಜೋರಾಗಿ ಬಡಿಯುತ್ತಿದ್ದೆ.

ಮರುವರ್ಷ ಮತ್ತೊಂದು ಡಬ್ಬಿ ಮಾಲು ಹೊರಟಿತು. ಈ ಸಲ ಯಜಮಾನರು ನೀರನ್ನು ಹದವಾಗಿ ಹಾಕಿದರು. ಅಂದರೆ ಕಾರಣ ಅವರಿಗೆ ಚೆನ್ನಾಗಿಯೇ ತಿಳಿದಿತ್ತು. ಹೋಗುವಾಗ ನನಗೆ, “ಗಾಡಿ ಹೋಗೂತನಕ ಹೊರಗ ಬರಬ್ಯಾಡ” ಅಂದರು. ಅತ್ತೆಯವರು ಪೂಜೆಗೆಂದು ಸ್ಟೇಷನ್ನಿಗೆ ಹೋದದ್ದೇ ತಡ, ನಿಚ್ಚಣಿಕೆ ಎಳೆದು ತಂದು ಮಾಳಿಗೆ ಹತ್ತಿದೆ. ಹಾಳಾಗಲಿ ಎಂದು ಮನಸಾರೆ ಬಯಸಿ, ಕಣ್ಣು ಮಿಟುಕಿಸದೆ ಆ ಡಬ್ಬಿಯನ್ನು ಕೊನೆಯ ತಿರುವಿನ ತನಕ ನೋಡಿದೆ.

ಮಾಲು ಒಂದು ಕಾಯಿಯೂ ಕೆಡದೆ ಬಂದರು ಮುಟ್ಟಿತು. ಮನೆಯಲ್ಲಿ ಹೋಳಿಗೆ ಮಾಡಿಸಿದರು. ಮಾಡಿದವಳು ನಾನೇ.